ಓದುಗರ ಪ್ರಶ್ನೆ: ಕಂತುಗಳಲ್ಲಿ ಐಸ್ ಏಜ್ ಟ್ರೇಲ್

ಪ್ರಶ್ನೆ: ಉದ್ಯೋಗದ ನಿಮಿತ್ತ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ನೆಲೆಸಿದ್ದೇನೆ. ಹಾಫ್ ಮ್ಯಾರಥಾನ್ ದೂರವನ್ನು ನಿರಾಯಾಸವಾಗಿ ಓಡಬಲ್ಲೆ. ಈ ರಾಜ್ಯದಲ್ಲಿ ಹಾದುಹೋಗುವ ದೂರದ ಕಾಲುದಾರಿ ಐಸ್ ಏಜ್ ಟ್ರೇಲ್ ಅನ್ನು ಕೆಲವು ವರ್ಷಗಳ ಅವಧಿಯಲ್ಲಿ ಬಿಡಿಬಿಡಿಯಾಗಿ ಓಡಿ ಮುಗಿಸುವ ಆಸೆಯಿದೆ. ಹೀಗೆ ಓಡಿದರೆ ಪೂರ್ಣಗೊಳಿಸಿದಂತಾಗುತ್ತದೆಯೇ? ಎಲ್ಲಿಂದ ಆರಂಭಿಸಲಿ?

ಉತ್ತರ: ಖಂಡಿತವಾಗಿ ಆಗುತ್ತದೆ. ಈ ಹಾದಿಯನ್ನು ನೋಡಿಕೊಳ್ಳುವ ಐಸ್ ಏಜ್ ಟ್ರೇಲ್ ಅಲಯನ್ಸ್ ಸಂಸ್ಥೆಯು ಒಂದೇ ಯಾತ್ರೆಯಲ್ಲಿ ಮುಗಿಸಿದವರಿಗೂ ವರ್ಷಗಟ್ಟಲೆ ಕಂತುಗಳಲ್ಲಿ ಮುಗಿಸಿದವರಿಗೂ ‘ಥೌಸಂಡ್ ಮೈಲರ್’ ಎಂಬ ಒಂದೇ ಮನ್ನಣೆಯನ್ನು ನೀಡುತ್ತದೆ.

1980ರಲ್ಲಿ ರಾಷ್ಟ್ರೀಯ ಸಿನಿಕ್ ಟ್ರೇಲ್ (ನಿಸರ್ಗ ಸೌಂದರ್ಯದ ಕಾಲುದಾರಿ) ಎಂದು ಘೋಷಿತವಾದ ಈ ಹಾದಿ ಸುಮಾರು 1,900 ಕಿ.ಮೀ. ಉದ್ದವಿದೆ. ಕಳೆದ ಹಿಮಯುಗದ ಹಿಮರಾಶಿ ಎಲ್ಲಿಯವರೆಗೆ ಚಾಚಿತ್ತೋ ಆ ಅಂಚನ್ನೇ ಬಹುಮಟ್ಟಿಗೆ ಅನುಸರಿಸುವುದರಿಂದ ಇದು ನೇರವಾಗಿ ಸಾಗದೆ, ಪೂರ್ವದ ಸ್ಟರ್ಜನ್ ಬೇಯಿಂದ ದಕ್ಷಿಣಕ್ಕಿಳಿದು, ಜೇನ್ಸ್‌ವಿಲ್ ಬಳಿ ತಿರುಗಿ, ಡೆವಿಲ್ಸ್ ಲೇಕ್ ದಾಟಿ ಉತ್ತರಕ್ಕೆ ಏರಿ, ಕೊನೆಗೆ ಮಿನೆಸೋಟ ಗಡಿಯ ಸೇಂಟ್ ಕ್ರೋಯಿ ಫಾಲ್ಸ್ ತಲುಪುತ್ತದೆ. ಹೀಗಾಗಿ ವೆರೋನಾ, ಕ್ರಾಸ್ ಪ್ಲೇನ್ಸ್‌ಗಳ ತುಣುಕುಗಳು ನಿಮ್ಮ ಮನೆಯ ಬಳಿಯಲ್ಲೇ ಇವೆ. ಆರಂಭ ಅಲ್ಲಿಂದಲೇ ಆಗಲಿ. ಆದರೆ ಹತ್ತಿರದವನ್ನೆಲ್ಲ ಮೊದಲೇ ಮುಗಿಸಿಬಿಡಬೇಡಿ. ಹಾಗೆ ಮಾಡಿದವರಿಗೆ ಕೊನೆಯಲ್ಲಿ ಪ್ರತಿ ಓಟಕ್ಕೂ ಇಡೀ ದಿನ ಕಾರು ಓಡಿಸಬೇಕಾದ ದೂರದ ಕಂತುಗಳಷ್ಟೇ ಉಳಿದು, ಉತ್ಸಾಹ ಬತ್ತುತ್ತದೆ.

ಯಾವ ಕಂತು ಯಾವಾಗ ಎಂಬುದನ್ನು ನಕ್ಷೆಯ ಕ್ರಮಕ್ಕಿಂತ ಋತುವೇ ನಿರ್ಧರಿಸಲಿ ಎಂಬುದು ನನ್ನ ದೃಢ ಅಭಿಪ್ರಾಯ. ಏಪ್ರಿಲ್, ಮೇ ತಿಂಗಳುಗಳಲ್ಲಿ ದಕ್ಷಿಣದ ಭಾಗಗಳನ್ನು ಓಡಿ. ಉತ್ತರದ ಕಾಡುಗಳಲ್ಲಿ ಜೂನ್ ತಿಂಗಳೆಂದರೆ ಕೆಸರು ಮತ್ತು ಸೊಳ್ಳೆ. ಅವುಗಳನ್ನು ಸೆಪ್ಟೆಂಬರ್‌ಗೆ ಮೀಸಲಿಡಿ. ಬೇಸಿಗೆಯ ಮೊದಲ ತಿಂಗಳುಗಳಲ್ಲಿ ಲೈಮ್ ಎಂಬ ಸೋಂಕುರೋಗವನ್ನು ಹರಡುವ ಉಣ್ಣೆಹುಳುಗಳ ಕಾಟ ಹೆಚ್ಚಾಗಿರುವುದರಿಂದ, ಪ್ರತಿ ಓಟದ ನಂತರ ಮಂಡಿಯ ಹಿಂಭಾಗ, ಕಂಕುಳು, ತಲೆಗೂದಲನ್ನು ತಪ್ಪದೆ ಪರೀಕ್ಷಿಸಿಕೊಳ್ಳಿ. ನವೆಂಬರ್‌ನ ಜಿಂಕೆ ಬೇಟೆಯ ದಿನಗಳಲ್ಲಿ ಖಾಸಗಿ ಜಮೀನಿನ ಕೆಲವು ತುಣುಕುಗಳು ಮುಚ್ಚಿರುತ್ತವೆ. ಉಳಿದೆಡೆ ಕಡು ಕಿತ್ತಳೆ ಬಣ್ಣದ ಮೇಲುಡುಪಿಲ್ಲದೆ ಕಾಲಿಡಬೇಡಿ.

ಮರಗಳ ಮೇಲೆ ಹಳದಿ ಪಟ್ಟಿ ಬಳಿದಿರುವ ಕಾಲುದಾರಿ ಒಟ್ಟು ಉದ್ದದ ಅರ್ಧಕ್ಕಿಂತ ತುಸು ಹೆಚ್ಚು. ಉಳಿದದ್ದು ಅವುಗಳನ್ನು ಜೋಡಿಸುವ ಹಳ್ಳಿರಸ್ತೆ. ರಸ್ತೆಯೆಂದು ಅದನ್ನು ಬಿಟ್ಟುಬಿಡಬೇಡಿ. ನಡೆಯುವವರಿಗೆ ಬೇಸರ ತರಿಸುವ ಈ ಭಾಗವೇ ಓಟಗಾರರಿಗೆ ಲಯ ಸಿಗುವ ಜಾಗ. ಒಬ್ಬರೇ ಹೋಗುವುದಾದರೆ ಕಂತಿನ ತುದಿಯಲ್ಲಿ ಸೈಕಲ್ಲನ್ನು ಬೀಗ ಹಾಕಿ ನಿಲ್ಲಿಸಿ, ಕಾರನ್ನು ಆರಂಭದಲ್ಲಿ ಬಿಟ್ಟು ಓಡಿ, ರಸ್ತೆಯಲ್ಲಿ ಸೈಕಲ್ ತುಳಿದು ಮರಳಿದರೆ ಒಂದೇ ದೂರವನ್ನು ಎರಡು ಬಾರಿ ಓಡುವುದು ತಪ್ಪುತ್ತದೆ.

ಪ್ರಶ್ನೆ: ಅಕ್ಟೋಬರ್‌ನಲ್ಲಿ ಮಗಳನ್ನು ಕಾಣಲು ಬೆಂಗಳೂರಿನಿಂದ ಮಿಲ್ವಾಕಿಗೆ ಹೋಗಲಿದ್ದೇನೆ. ಇದೇ ಹಾದಿಯ ಒಂದು ಭಾಗವನ್ನಾದರೂ ಓಡಬೇಕೆಂದಿದ್ದೇನೆ. ಯಾವುದು ಸೂಕ್ತ?

ಉತ್ತರ: ನಗರದ ಪಶ್ಚಿಮಕ್ಕಿರುವ ಲ್ಯಾಪಮ್ ಪೀಕ್‌ಗೆ ಹೋಗಿ. ಹಿಮರಾಶಿ ಬಿಟ್ಟುಹೋದ ದಿಬ್ಬಗಳ ಕೆಟಲ್ ಮೊರೇನ್ ಪ್ರದೇಶದಲ್ಲಿರುವ ಆ ಗುಡ್ಡದ ಮೇಲೆ 45 ಅಡಿ ಎತ್ತರದ ವೀಕ್ಷಣಾ ಗೋಪುರವಿದೆ. ಮೇಪಲ್ ಮರಗಳು ಕೆಂಪಾಗುವ ಕಾಲವೂ ಅದೇ. ಉದುರಿದ ಎಲೆಗಳು ಕಲ್ಲು, ಬೇರುಗಳನ್ನು ಮರೆಮಾಡುವುದರಿಂದ ಇಳಿಜಾರಿನಲ್ಲಿ ವೇಗ ತಗ್ಗಿಸಿ, ಸಂಜೆ ಆರರೊಳಗೆ ಕಾರಿಗೆ ಮರಳುವಂತೆ ಯೋಜಿಸಿಕೊಳ್ಳಿ.