ಸಭೆಯವರನ್ನಲ್ಲ, ಬಾಡಿಗೆದಾರರನ್ನು ಕೇಳಿ

ನಿಮ್ಮ ಟೀಮ್ ಲೀಡ್ ಕ್ರೈಸ್ತರು. ಬೆಳಗ್ಗೆ ಆರಕ್ಕೆ ಅವರಿಂದ ವಾಟ್ಸಾಪ್‌ನಲ್ಲಿ ಬೈಬಲ್ ವಚನ ಬರುತ್ತದೆ. ಹತ್ತು ಗಂಟೆಗೆ ಅವರೇ ಆಫೀಸ್ ಗೇಟಿನಲ್ಲಿ ಕ್ಯಾಬ್ ಡ್ರೈವರ್ ಮೇಲೆ ಕೂಗಾಡುತ್ತಾರೆ. 'ಹಾಗಾದರೆ ನಿಜವಾದ ಕ್ರೈಸ್ತ ಜೀವನ ಅಂದರೆ ಯಾವುದು? ಹೊರಗಿನವರಿಗೆ ಅದು ಹೇಗೆ ಗೊತ್ತಾಗಬೇಕು?' ಅಂತ ಕೇಳಿದ್ದೀರಿ.

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟ್) ಕನ್ನಡ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ. ಅರವತ್ತಕ್ಕೆ ಇನ್ನೆರಡು ವರ್ಷ ಬಾಕಿ. ಪ್ರಾರ್ಥನೆ ಇವತ್ತಿಗೂ ಕನ್ನಡದಲ್ಲಿ ಮಾತ್ರ ಬಾಯಿಗೆ ಬರುತ್ತದೆ. ಹಾಗಾಗಿ ಒಂದು ಕನ್ನಡ ಮಾತಿನಿಂದಲೇ ಶುರು ಮಾಡುತ್ತೇನೆ.

ದೇವರನ್ನು ನಂಬುವುದಕ್ಕೆ 'ನಂಬಿಕೆ' ಅನ್ನುತ್ತೇವೆ. ಅದೇ ಬೇರಿನಿಂದ ಹುಟ್ಟಿದ ಇನ್ನೊಂದು ಮಾತು 'ನಂಬಿಗಸ್ತ'. ಮನೆಯ ಬೀಗದ ಕೈ ಕೊಟ್ಟು ಊರಿಗೆ ಹೋಗಬಹುದು ಅನ್ನಿಸುವ ಮನುಷ್ಯ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ನಂಬುವುದಕ್ಕೂ ನಂಬಿಗಸ್ತಿಕೆಗೂ ಒಂದೇ ಪದ, 'ಪಿಸ್ಟಿಸ್'. ಅಪೊಸ್ತಲ ಪೌಲ ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಪವಿತ್ರಾತ್ಮನ ಫಲ ಅಂತ ಒಂಬತ್ತು ಗುಣ ಹೇಳುತ್ತಾನೆ. ಅದರಲ್ಲಿ ಈ ಪಿಸ್ಟಿಸ್ ಒಂದು. ಆ ಒಂಬತ್ತರಲ್ಲಿ ಚರ್ಚಿಗೆ ಹೋಗುವುದು ಇಲ್ಲ, ಕಾಣಿಕೆ ಹಾಕುವುದು ಇಲ್ಲ, ವಚನ ಹಂಚುವುದೂ ಇಲ್ಲ. ದೀರ್ಘಶಾಂತಿ, ಅಂದರೆ ತಾಳ್ಮೆ ಇದೆ, ದಯೆ ಇದೆ. ಆ ಕ್ಯಾಬ್ ಡ್ರೈವರ್‌ಗೆ ಬೇಕಾಗಿದ್ದೂ ಅದೇ ಅಲ್ವಾ?

ಹೀಗೆ ಹೇಳುವುದು ಸುಲಭ. ನಿಮ್ಮ ಟೀಮ್ ಲೀಡ್ ಬಗ್ಗೆ ತೀರ್ಪು ಕೊಡುವ ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ.

ಲಿಂಗರಾಜಪುರದಲ್ಲಿ ನಮ್ಮದೊಂದು ಮನೆ ಇದೆ. ಕೆಳಗೆ ನಾವು, ಮೇಲೆ ಬಾಡಿಗೆ. ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಸಂಸಾರ ಇತ್ತು. ಗಂಡ, ಹೆಂಡತಿ, ಒಂದು ಮಗು. ಬಾಡಿಗೆ 12,000. ಅಡ್ವಾನ್ಸ್ ಹತ್ತು ತಿಂಗಳದ್ದು, ಅಂದರೆ 1,20,000. ಬೆಂಗಳೂರಿನಲ್ಲಿ ಇದು ನಿಮಗೆ ಗೊತ್ತಿರುವುದೇ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಅಂತ ಅಗ್ರಿಮೆಂಟಿನಲ್ಲಿತ್ತು, ಹಿಡಿದೆ. ಅಷ್ಟಕ್ಕೆ ನಿಲ್ಲಲಿಲ್ಲ. ಬೆಡ್‌ರೂಮ್ ಗೋಡೆ ಹಾಳಾಗಿದೆ, ನಲ್ಲಿ ಹೋಗಿದೆ, ಕಿಟಕಿ ಜಾಲರಿ ಹರಿದಿದೆ ಅಂತ ಇನ್ನೂ 18,000 ಕತ್ತರಿಸಿದೆ. ಆ ಗೋಡೆ ಹಾಳಾಗಿದ್ದು ನನ್ನದೇ ಟ್ಯಾಂಕ್ ಸೋರಿ. ನನಗದು ಗೊತ್ತಿತ್ತು. ಆ ಹುಡುಗ ಒಂದು ಸಲ 'ಅಂಕಲ್, ಅದು ನಾವು ಬರುವಾಗಲೇ...' ಅಂದ. ನಾನು ದನಿ ಏರಿಸಿದೆ. ಸುಮ್ಮನಾದ. ಮುಂದಿನ ಭಾನುವಾರ ನಾನು ಚರ್ಚಿನಲ್ಲಿ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿನ ರೊಟ್ಟಿ ಮತ್ತು ದ್ರಾಕ್ಷಾರಸ, ತೆಗೆದುಕೊಂಡೆ. ಗಂಟಲಲ್ಲಿ ಏನೂ ಸಿಕ್ಕಿಕೊಳ್ಳಲಿಲ್ಲ.

ಆ ವರ್ಷ ಲೆಂಟ್‌ನಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ನಮ್ಮ ಸಭೆಯ ಪಾದ್ರಿ ಅಯ್ಯನವರು ಜಕ್ಕಾಯನ ಬಗ್ಗೆ ಪ್ರಸಂಗ ಮಾಡಿದರು. ಲೂಕನ ಸುವಾರ್ತೆಯ 19ನೇ ಅಧ್ಯಾಯ. ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ, ಕುಳ್ಳ, ಯೇಸುವನ್ನು ನೋಡಲು ಮರ ಹತ್ತಿದವನು. ಸಂಡೇ ಸ್ಕೂಲಿನಲ್ಲಿ ಆ ಮರದ ಚಿತ್ರಕ್ಕೆ ಬಣ್ಣ ಹಚ್ಚಿದ್ದೇ ನಮಗೆ ನೆನಪು. ಆದರೆ ಕಥೆಯ ತಿರುಳಿರುವುದು ಲೆಕ್ಕದಲ್ಲಿ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಅನ್ನುತ್ತಾನೆ. ಯೆಹೂದ್ಯರು ಪಾಲಿಸುತ್ತಿದ್ದ ಮೋಶೆಯ ಧರ್ಮಶಾಸ್ತ್ರದಲ್ಲಿ ತಾನಾಗಿ ತಪ್ಪು ಒಪ್ಪಿಕೊಂಡವನು ಅಸಲಿನ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕಿತ್ತು. ನಾಲ್ಕರಷ್ಟು ಅನ್ನುವುದು ಕುರಿ ಕದ್ದು ಕೊಯ್ದವನಿಗೋ ಮಾರಿದವನಿಗೋ ಇದ್ದ ದಂಡ. ಅಂದರೆ ಜಕ್ಕಾಯ ತನ್ನನ್ನು ಕಳ್ಳನ ಸಾಲಿಗೆ ತಾನೇ ಸೇರಿಸಿಕೊಂಡ. 'ಈ ಹೊತ್ತು ಈ ಮನೆಗೆ ರಕ್ಷಣೆ ಬಂತು' ಅಂತ ಯೇಸು ಹೇಳಿದ್ದು ಈ ಲೆಕ್ಕ ಕೇಳಿದ ಮೇಲೆ. ಮರ ಹತ್ತಿದ್ದಕ್ಕಲ್ಲ.

ಕೇಳಿದ ಕೂಡಲೇ ಓಡಿಹೋಗಿ ದುಡ್ಡು ಕೊಟ್ಟೆ ಅಂದುಕೊಳ್ಳಬೇಡಿ. ಲೆಂಟ್ ಮುಗಿಯಿತು, ಈಸ್ಟರ್ ಆಯಿತು, ಮಳೆ ಶುರುವಾಯಿತು. ಖಾಲಿ ಮನೆಯ ಅದೇ ಗೋಡೆ ಮತ್ತೆ ಒದ್ದೆಯಾಯಿತು. ಹೊಸ ಪೇಂಟ್ ಹಪ್ಪಳದ ಹಾಗೆ ಎದ್ದು ಬಂತು. ಅದನ್ನು ನೋಡಿದ ದಿನ ಫೋನ್ ಮಾಡಿದೆ. ಅವರು ಹೆಣ್ಣೂರು ಕಡೆ ಮನೆ ಮಾಡಿದ್ದರು. 18,000ಕ್ಕೆ ಐದನೇ ಒಂದು ಪಾಲು ಸೇರಿಸಿ 21,600 ತೆಗೆದುಕೊಂಡು ಹೋದೆ. ನಾಲ್ಕರಷ್ಟು ಕೊಡುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಹುಡುಗ ಕೆಲಸಕ್ಕೆ ಹೋಗಿದ್ದ. ಅವನ ಹೆಂಡತಿ ದುಡ್ಡು ತೆಗೆದುಕೊಂಡು, ನನ್ನೆದುರಿಗೇ ಎರಡು ಸಲ ಎಣಿಸಿದಳು. ಕಾಫಿ ಕೊಡಲಿಲ್ಲ. 'ಮಗಳ ಸ್ಕೂಲ್ ಫೀಸಿಗೆ ಆವಾಗ ಸಾಲ ಮಾಡಿದ್ವಿ ಅಂಕಲ್' ಅಂದಳು, ಅಷ್ಟೇ. ಅವಳು ಅಳಬೇಕಿತ್ತು, ಕೈ ಮುಗಿಯಬೇಕಿತ್ತು ಅಂತ ನನ್ನ ಮನಸ್ಸಿನ ಯಾವುದೋ ಮೂಲೆಯಲ್ಲಿ ಆಸೆ ಇತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ಅದು ಗೊತ್ತಾಗಿ ನಾಚಿಕೆಯಾಯಿತು.

ಅದಕ್ಕೇ ನಿಮಗೆ ಹೇಳುವುದು. ಒಬ್ಬರ ಕ್ರೈಸ್ತ ಜೀವನ ಹೇಗಿದೆ ಅಂತ ತಿಳಿಯಬೇಕಾದರೆ ಸಭೆಯವರನ್ನು ಕೇಳಿ ಪ್ರಯೋಜನವಿಲ್ಲ. ಅವರ ಕೈಕೆಳಗೆ ಇರುವವರನ್ನು ಕೇಳಿ. ಬಾಡಿಗೆದಾರರು, ಮನೆಗೆಲಸದವರು, ಡ್ರೈವರ್, ಸೆಕ್ಯೂರಿಟಿ. ಎದುರು ಮಾತಾಡಲು ಆಗದವರ ಜೊತೆ ಲೆಕ್ಕ ಹೇಗಿದೆ ಅನ್ನುವುದರಲ್ಲಿ ಜಾಸ್ತಿ ಗೊತ್ತಾಗುತ್ತದೆ.

ಹಾಗಂತ ಆರಾಧನೆ, ಉಪವಾಸ, ಹರಕೆ ಎಲ್ಲ ಬರೀ ತೋರಿಕೆ ಅನ್ನುವವನಲ್ಲ ನಾನು. ನಮ್ಮ ಪಕ್ಕದ ಮನೆಯವರು ಕ್ಯಾಥೊಲಿಕರು. ಪ್ರತಿ ವರ್ಷ ಆಗಸ್ಟ್ 29ಕ್ಕೆ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಧ್ವಜ ಏರಿದ ಮೇಲೆ, ಸೆಪ್ಟೆಂಬರ್ 8ರ ಹಬ್ಬದವರೆಗೆ ಆ ಮನೆಯ ಅಜ್ಜಿ ಕಾವಿ ಸೀರೆಯಲ್ಲೇ ಇರುತ್ತಾರೆ. ನಾವು ಪ್ರೊಟೆಸ್ಟೆಂಟರು ಹಿಂದೆ ಇದನ್ನು ನೋಡಿ ಮುಸುಮುಸು ನಗುತ್ತಿದ್ದೆವು. ಆದರೆ ಬೀದಿ ಗುಡಿಸುವ ಹೆಂಗಸಿಗೆ ದಿನಾ ಕೂರಿಸಿ ತಿಂಡಿ ಕೊಡುವ ಮನೆ ನಮ್ಮ ರಸ್ತೆಯಲ್ಲಿ ಅವರದ್ದೊಂದೇ. ನೃಪತುಂಗ ರಸ್ತೆಯ ಸೇಂಟ್ ಮಾರ್ಥಾಸ್ ಆಸ್ಪತ್ರೆ ನೋಡಿ. 1886ರಲ್ಲಿ ಗುಡ್ ಶೆಫರ್ಡ್ ಸಿಸ್ಟರ್‌ಗಳು, ಅಂದರೆ ಕ್ಯಾಥೊಲಿಕ್ ಸನ್ಯಾಸಿನಿಯರು, ಶುರು ಮಾಡಿದ್ದು. ಅವರೂ ಪ್ರಾರ್ಥನೆ ಮಾಡಿಯೇ ರೋಗಿಗಳ ಹತ್ತಿರ ಹೋದವರು. ಬೇರು ಬೇಕೇ ಬೇಕು. ನಿಮ್ಮಂಥ ಹೊರಗಿನವರಿಗೆ ಬೇರು ಕಾಣುವುದಿಲ್ಲ, ಅಷ್ಟೇ.

ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಕಡೆಯ ನ್ಯಾಯತೀರ್ಪಿನ ಮಾತು ಬರುತ್ತದೆ. ಹಸಿದವರಿಗೆ ಊಟ ಕೊಟ್ಟವರು ಬಲಗಡೆ, ಕೊಡದವರು ಎಡಗಡೆ. ಆ ಹಸಿದವನು ನಾನೇ ಅಂತ ಯೇಸು ಹೇಳಿದಾಗ ಎರಡೂ ಕಡೆಯವರು ಕೇಳುವ ಪ್ರಶ್ನೆ ಒಂದೇ: ಸ್ವಾಮೀ, ನಿನ್ನನ್ನು ನಾವು ಯಾವಾಗ ನೋಡಿದೆವು? ಒಳ್ಳೆಯದು ಮಾಡಿದವರಿಗೂ ತಾವು ಮಾಡಿದ್ದು ಗೊತ್ತಿರಲಿಲ್ಲ. ನನಗೆ ಈ ಭಾಗ ಓದಿದಾಗಲೆಲ್ಲ ಸ್ವಲ್ಪ ಭಯವಾಗುತ್ತದೆ, ಯಾಕೆಂದರೆ ಆ 21,600 ಕೊಟ್ಟಿದ್ದು ನನಗೆ ಇವತ್ತಿಗೂ ಪೈಸೆ ಸಮೇತ ನೆನಪಿದೆ.

ನಿಮ್ಮ ಟೀಮ್ ಲೀಡ್ ವಿಷಯ. ಅವರು ಡೋಂಗಿ ಅಂತ ಈಗಲೇ ಬರೆದುಹಾಕಬೇಡಿ. ಬೆಳಗ್ಗೆ ಆರರ ವಚನ ಅವರು ತಮಗೇ ಕಳಿಸಿಕೊಳ್ಳುತ್ತಿರಬಹುದು. ಆದರೆ ಡ್ರೈವರ್ ವಿಷಯ ಅವರಿಗೆ ನೇರವಾಗಿ ಹೇಳಿ, ಎಲ್ಲರೆದುರು ಬೇಡ.

ಮೊನ್ನೆ ನಮ್ಮ ಮೇಲಿನ ಮನೆ ಮತ್ತೆ ಖಾಲಿಯಾಯಿತು. ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯೋಣ ಅಂತ ಮನೆಯವಳು ಕೇಳಿದಳು. ಮೊದಲು ಟಾರ್ಚ್ ತಗೊಂಡು ಟ್ಯಾಂಕ್ ನೋಡಿ ಬರುತ್ತೇನೆ ಅಂದೆ.