ಕೆಲಸಕ್ಕೆ ಹೋಗಿ, ಮಾರ್ಕ್ಸ್ ಕಾರ್ಡ್ ಮಾತ್ರ ಕೊಡಬೇಡಿ

ಪ್ರಶ್ನೆ: ನನಗೆ 22 ವರ್ಷ. 2025ರಲ್ಲಿ ದಾವಣಗೆರೆಯಲ್ಲಿ ಬಿ.ಇ. ಎಲೆಕ್ಟ್ರಾನಿಕ್ಸ್ ಮುಗಿಸಿದೆ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ. ಅಪ್ಪಾಜಿ ಮೆಕ್ಕೆಜೋಳ ಬೆಳೆಯುತ್ತಾರೆ. ಮೂರೂವರೆ ಲಕ್ಷ ಶಿಕ್ಷಣ ಸಾಲ ಇದೆ. ಕ್ಯಾಂಪಸ್‌ನಲ್ಲಿ ಕೆಲಸ ಆಗಲಿಲ್ಲ. ಎಂಟು ತಿಂಗಳು ಹುಡುಕಿದ ಮೇಲೆ ಬೆಂಗಳೂರಿನ ಒಂದು ಸಣ್ಣ ಐಟಿ ಕಂಪನಿಯಿಂದ ಆಫರ್ ಬಂದಿದೆ. ವರ್ಷಕ್ಕೆ 3.2 ಲಕ್ಷ. ಅಪ್ಲಿಕೇಶನ್ ಸಪೋರ್ಟ್ ಕೆಲಸ, ಅಂದರೆ ಬಳಕೆಯಲ್ಲಿರುವ ಸಾಫ್ಟ್‌ವೇರ್‌ನಲ್ಲಿ ತೊಂದರೆ ಬಂದರೆ ನೋಡಿಕೊಳ್ಳುವುದು. ಶಿಫ್ಟ್ ಇರುತ್ತದಂತೆ. ಎರಡು ವರ್ಷದ ಬಾಂಡ್, ನಡುವೆ ಬಿಟ್ಟರೆ ಒಂದೂವರೆ ಲಕ್ಷ ಕಟ್ಟಬೇಕು. ಸೇರುವ ದಿನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಹತ್ತಿರ ಇಡಬೇಕಂತೆ. ನನಗೆ ಜಾವಾ ಕೋಡಿಂಗ್ ಇಷ್ಟ. ಸಪೋರ್ಟ್‌ಗೆ ಹೋದರೆ ಮುಂದೆ ಯಾರೂ ಕೋಡಿಂಗ್ ಕೊಡಲ್ಲ, ಆದರೆ ಬಾಂಡ್ ಮಾತ್ರ ಸುಮ್ನೆ ಹೆದರಿಸೋಕೆ ಅಂತಾಳೆ ಗೆಳತಿ. ಬ್ಯಾಂಕ್ ಪರೀಕ್ಷೆ ಬರೆ ಅಂತಾರೆ ಮಾಮ. ರಾತ್ರಿ ಪಾಳಿ ಬೇಡ ಅಂತಾಳೆ ಅವ್ವ. ಅಪ್ಪಾಜಿ ಏನೂ ಹೇಳುವುದಿಲ್ಲ. ಸೋಮವಾರದೊಳಗೆ ತಿಳಿಸಬೇಕು.
ಹೆಸರು ಬೇಡ, ರಾಣೆಬೆನ್ನೂರು ತಾಲ್ಲೂಕು

ಉತ್ತರ: ಸೋಮವಾರ ಹತ್ತಿರ ಇದೆ, ಅದಕ್ಕೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೋಗಿ. ಆದರೆ ಮಾರ್ಕ್ಸ್ ಕಾರ್ಡ್ ಕೊಟ್ಟು ಬರಬೇಡಿ. ಕೊಡಲೇಬೇಕು ಅಂತ ಅವರು ಹಟ ಹಿಡಿದರೆ ಈ ಕೆಲಸವೇ ಬೇಡ.

ಇದು ನನ್ನ ಸ್ವಂತ ಅನುಭವದ ಮಾತು. 2004ರಲ್ಲಿ ನನ್ನ ಮೊದಲ ಕೆಲಸಕ್ಕೆ ಸೇರಿದಾಗ ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಂಟನೇ ಸೆಮಿಸ್ಟರ್‌ವರೆಗಿನ ಎಲ್ಲ ಅಂಕಪಟ್ಟಿಯನ್ನೂ ಒಂದು ಪ್ಲಾಸ್ಟಿಕ್ ಫೈಲಿನಲ್ಲಿಟ್ಟು ಕೊಟ್ಟಿದ್ದೆ. ಎಚ್‌ಆರ್ ಮೇಡಂ ಅದನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಒಂದು ಚೀಟಿ ಕೂಡ ಬರೆದುಕೊಡಲಿಲ್ಲ, ನನಗೆ ಕೇಳಲು ಬಾಯಿಯೂ ಬರಲಿಲ್ಲ. ಮುಂದೆ ಬಿಡುತ್ತೇನೆ ಅಂದಾಗ ಆ ಫೈಲ್ ವಾಪಸ್ ಸಿಗಲು ಒಂಬತ್ತು ತಿಂಗಳು ಬೇಕಾಯಿತು. ಅಷ್ಟರಲ್ಲಿ ಕೈಯಲ್ಲಿದ್ದ ಇನ್ನೊಂದು ಕೆಲಸ ಹೋಗಿತ್ತು. ಬಾಂಡಿನ ದುಡ್ಡನ್ನು ಹೇಗೋ ಹೊಂದಿಸಬಹುದು. ಅಂಕಪಟ್ಟಿ ಅವರ ಬೀರುವಿನಲ್ಲಿದ್ದರೆ ನೀವೂ ಅದರೊಳಗೇ ಇದ್ದಂತೆ. ತೋರಿಸಿ, ಜೆರಾಕ್ಸ್ ಕೊಡಿ, ಡಿಜಿಲಾಕರ್‌ನಲ್ಲಿದ್ದರೆ ಅದನ್ನೂ ತೆಗೆದು ತೋರಿಸಿ. ತಾಳೆ ನೋಡಲು ಅಷ್ಟು ಸಾಕು. ಒರಿಜಿನಲ್ ನಿಮ್ಮ ಚೀಲದಲ್ಲೇ ವಾಪಸ್ ಬರಬೇಕು. ಖಾಲಿ ಚೆಕ್ ಕೇಳಿದರೂ ಇದೇ ಉತ್ತರ. ಟ್ರೇನಿಂಗ್‌ಗೆ ಅಂತ ನಿಮ್ಮಿಂದಲೇ ದುಡ್ಡು ಕೇಳಿದರಂತೂ ಅಲ್ಲಿಂದ ಎದ್ದು ಬನ್ನಿ.

ಬಾಂಡ್ ಸುಮ್ನೆ ಹೆದರಿಸೋಕೆ ಅನ್ನುವ ನಿಮ್ಮ ಗೆಳತಿ ಪೇಪರ್ ಓದುವುದಿಲ್ಲ ಅಂತ ಕಾಣುತ್ತದೆ. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಒಂದು ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಮೂರು ವರ್ಷ ಇರಬೇಕು, ಇಲ್ಲವೇ ಎರಡು ಲಕ್ಷ ಕಟ್ಟಬೇಕು ಅನ್ನುವ ಷರತ್ತು ಅದು. ಒಬ್ಬ ಅಧಿಕಾರಿ ಅವಧಿಗೆ ಮೊದಲೇ ಬಿಟ್ಟರು, ಆಕ್ಷೇಪ ಹೇಳಿಯೇ ದುಡ್ಡು ಕಟ್ಟಿದರು, ಆಮೇಲೆ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ಷರತ್ತು ಸರಿಯಾಗಿಯೇ ಇದೆ ಅಂದಿತು. ಸರ್ಕಾರಿ ಬ್ಯಾಂಕು ಜಾಹೀರಾತು ಕೊಟ್ಟು, ಪರೀಕ್ಷೆ ನಡೆಸಿ ಮತ್ತೆ ಆಳು ತೆಗೆದುಕೊಳ್ಳಬೇಕಲ್ಲ, ಆ ಖರ್ಚನ್ನು ಕೋರ್ಟು ಲೆಕ್ಕಕ್ಕೆ ತೆಗೆದುಕೊಂಡಿತು. ನಿಮ್ಮ ಸಣ್ಣ ಕಂಪನಿಗೂ ಅದೇ ಲೆಕ್ಕ ನಡೆಯುತ್ತದೆ ಅಂತಲ್ಲ. ನಿಮ್ಮನ್ನು ಬಲವಂತವಾಗಿ ಕುರ್ಚಿಯಲ್ಲಿ ಕೂರಿಸಲು ಯಾವ ಬಾಂಡಿಗೂ ಆಗುವುದಿಲ್ಲ. ಆದರೆ ದುಡ್ಡು ಕೇಳಬಹುದು, ಅಲೆಸಬಹುದು. ಆದ್ದರಿಂದ ಎರಡು ವರ್ಷ ಇರಬಲ್ಲೆ ಅನಿಸಿದರೆ ಮಾತ್ರ ಸಹಿ ಹಾಕಿ. ಹಾಕುವ ಮುಂಚೆ ಎರಡು ವಿಷಯ ಕೇಳಿ: ಒಂದೂವರೆ ಲಕ್ಷ ತಿಂಗಳು ಕಳೆದಂತೆ ಕಡಿಮೆಯಾಗುತ್ತದಾ? ಅವರೇ ಕೆಲಸದಿಂದ ತೆಗೆದರೆ ಬಾಂಡ್ ರದ್ದಾಗುತ್ತದಾ?

ಈಗ ದುಡ್ಡಿನ ಮಾತು. 3.2 ಲಕ್ಷವನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 26 ಸಾವಿರ ಚಿಲ್ಲರೆ ಅಂತ ಮನೆಯಲ್ಲಿ ಹೇಳಿರುತ್ತೀರಿ, ಅಲ್ವಾ? ಅದು ಸಿಟಿಸಿ, ಅಂದರೆ ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು, ಕೈಗೆ ಬರುವ ಸಂಬಳ ಅಲ್ಲ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಇನ್ಶೂರೆನ್ಸ್ ಎಲ್ಲವೂ ಸಾಮಾನ್ಯವಾಗಿ ಅದರೊಳಗೇ ಇರುತ್ತವೆ. ಹತ್ತು ಪರ್ಸೆಂಟ್ ವೇರಿಯಬಲ್ (ಕೆಲಸ ನೋಡಿ ಕೊಡುವ ಭಾಗ) ಅಂತ ಇಟ್ಟಿದ್ದರೆ ಅದು ಬಂದಾಗ ಬಂತು. ಬೇಸಿಕ್ 13 ಸಾವಿರ ಅಂತಿಟ್ಟುಕೊಂಡರೆ ನಿಮ್ಮ ಪಾಲಿನ ಪಿಎಫ್ ಶೇ 12, ಅಂದರೆ ಇನ್ನೊಂದು ಸಾವಿರದೈನೂರು ಹೋಗುತ್ತದೆ. ಕೈಗೆ 20 ಸಾವಿರದ ಆಸುಪಾಸು ಅಂದುಕೊಳ್ಳಿ. ಊಟ ಸೇರಿ ಪಿಜಿಗೆ ಎಂಟೊಂಬತ್ತು ಸಾವಿರ. ಬಸ್ಸು, ಮೆಟ್ರೊ, ಮೊಬೈಲ್, ಸೋಪು, ಊರಿಗೊಮ್ಮೆ ಹೋಗಿಬರುವ ಖರ್ಚು ಬೇರೆ. ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಕೋರ್ಸ್ ಮುಗಿದ ಒಂದು ವರ್ಷದವರೆಗೆ ಕಂತು ಇರುವುದಿಲ್ಲ. ಅಂದರೆ ನಿಮಗೆ ಇನ್ನು ಕೆಲವೇ ತಿಂಗಳು. ಆಮೇಲೆ ಹತ್ತು ವರ್ಷದ ಅವಧಿಗೆ ತಿಂಗಳಿಗೆ ಐದು ಸಾವಿರದ ಹತ್ತಿರ ಬೀಳುತ್ತದೆ. ಉಳಿಯುವುದು ಅಷ್ಟಕ್ಕಷ್ಟೇ. ಅಪ್ಪಾಜಿಗೆ ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿ. ಮನೆಗೆ ಕಳಿಸಲು ಮೊದಲ ವರ್ಷ ಆಗುವುದಿಲ್ಲ, ಆದರೆ ಸಾಲದ ಕಂತು ನಾನೇ ಕಟ್ಟುತ್ತೇನೆ ಅಂತ ಹೇಳಿ. ಅವರು ಸುಮ್ಮನಿರುವುದು ಬೇಡ ಅಂತಲ್ಲ ಅಂತ ನನ್ನ ಅಂದಾಜು. ಗೊತ್ತಿಲ್ಲದ ವಿಷಯದಲ್ಲಿ ಬಾಯಿ ಹಾಕಿ ಮಗಳ ದಾರಿ ತಪ್ಪಿಸಬಾರದು ಅನ್ನುವ ಹಿಂಜರಿಕೆ ಇರಬಹುದು.

ಸಂಬಳ ಕಡಿಮೆ ಅಂತ ಬೇಜಾರಾಗಬೇಡಿ. ಹೆಸರಾಂತ ದೊಡ್ಡ ಕಂಪನಿಗಳೇ ಹೊಸಬರಿಗೆ ಹತ್ತು ಹನ್ನೆರಡು ವರ್ಷದಿಂದ ಮೂರೂವರೆ ಲಕ್ಷದ ಹತ್ತಿರವೇ ಕೊಡುತ್ತಿವೆ. ಪಿಜಿ ಬಾಡಿಗೆ ಮಾತ್ರ ಅಲ್ಲೇ ನಿಂತಿಲ್ಲ!

ಇನ್ನು ಸಪೋರ್ಟ್. ನಿಮ್ಮ ನಿಜವಾದ ಭಯ ಇದೇ ಅಂತ ನನಗೆ ಅನಿಸಿತು. ಸಪೋರ್ಟ್‌ನಲ್ಲಿ ಎರಡು ಜಾತಿ ಇವೆ. ಮೊದಲ ಹಂತದ ಎಲ್‌1ನಲ್ಲಿ ಟಿಕೆಟ್, ಅಂದರೆ ಬಳಕೆದಾರರ ದೂರು ಬಂತು, ಪಟ್ಟಿ ನೋಡಿ ಉತ್ತರ ಅಂಟಿಸಿದೆ, ಇಲ್ಲವೇ ಮುಂದಕ್ಕೆ ದಾಟಿಸಿದೆ. ಚಾಟ್‌ಬಾಟ್‌ಗಳು ಈಗ ಮೊದಲು ಕಿತ್ತುಕೊಳ್ಳುತ್ತಿರುವುದು ಇದೇ ಕೆಲಸವನ್ನು. ಎರಡನೇ ಹಂತದ ಎಲ್‌2 ಬೇರೆ. ರಾತ್ರಿ ಎರಡು ಗಂಟೆಗೆ 'ಆರ್ಡರ್ ಹೋಗುತ್ತಿಲ್ಲ' ಅಂತ ಟಿಕೆಟ್ ಬರುತ್ತದೆ. ಲಾಗ್ (ಸಾಫ್ಟ್‌ವೇರ್ ತಾನೇ ಬರೆದಿಡುವ ದಾಖಲೆ) ತೆಗೆದರೆ ನಿಮ್ಮ ಅದೇ ಜಾವಾದ ನಲ್ ಪಾಯಿಂಟರ್ ಎಕ್ಸೆಪ್ಶನ್, ಅಂದರೆ ಇರಬೇಕಾದ ಮಾಹಿತಿ ಇಲ್ಲ ಅನ್ನುವ ದೋಷ. ಯಾವ ಸಾಲಿನಲ್ಲಿ ಅಂತ ಹುಡುಕುತ್ತೀರಿ, ಡೇಟಾಬೇಸ್‌ನಲ್ಲಿ ಕ್ವೆರಿ ಓಡಿಸುತ್ತೀರಿ. ಕೊನೆಗೆ ನೋಡಿದರೆ ಯಾರೋ ಒಬ್ಬ ಗ್ರಾಹಕನ ಪಿನ್‌ಕೋಡ್ ಖಾಲಿ ಇದೆ. ಅಷ್ಟೇ. ಆದರೆ ಆ ಒಂದು ಗಂಟೆಯಲ್ಲಿ ಬೇರೆಯವರು ಬರೆದ ಕೋಡನ್ನು ಓದಲು ಕಲಿತಿರುತ್ತೀರಿ. ನನ್ನ ಜೊತೆ ಕೆಲಸ ಮಾಡಿದ ಒಳ್ಳೆಯ ಡೆವಲಪರ್‌ಗಳಲ್ಲಿ ಕೆಲವರು ಇದೇ ಬಾಗಿಲಿನಿಂದ ಬಂದವರು. ಸಪೋರ್ಟ್‌ನಲ್ಲೇ ಹೂತುಹೋದವರೂ ಇದ್ದಾರೆ, ಇಲ್ಲವೆನ್ನಲಾರೆ. ಅವರಲ್ಲಿ ಹೆಚ್ಚಿನವರು ಶಿಫ್ಟ್ ಭತ್ಯೆಗೆ ಒಗ್ಗಿಕೊಂಡು ಸುಮ್ಮನಾದವರು. ಹಾಗಾಗಿ ಎಚ್‌ಆರ್‌ಗೆ ನೇರವಾಗಿ ಕೇಳಿ: ಎಲ್‌1 ಆ, ಎಲ್‌2 ಆ? ಕೋಡ್ ನೋಡಲು, ಡೇಟಾಬೇಸ್ ಮುಟ್ಟಲು ಬಿಡುತ್ತಾರಾ? ಬರೀ ಎಲ್‌1, ಅದೂ ಎರಡು ವರ್ಷ ಅಂದರೆ ನಾನು ನಿಮ್ಮ ಗೆಳತಿಯ ಪಕ್ಷ.

ಅವ್ವನ ಮಾತನ್ನು ಹಳ್ಳಿಯ ಹೆದರಿಕೆ ಅಂತ ತಳ್ಳಿಹಾಕಬೇಡಿ. ರಾತ್ರಿ ಪಾಳಿಗೆ ಹೆಣ್ಣುಮಕ್ಕಳನ್ನು ಹಾಕುವುದಾದರೆ ಅವರ ಲಿಖಿತ ಒಪ್ಪಿಗೆ ಬೇಕು, ಕಂಪನಿಯೇ ವಾಹನ ಕೊಡಬೇಕು ಅಂತ ನಮ್ಮ ರಾಜ್ಯದ ಕಾನೂನೇ ಹೇಳುತ್ತದೆ. ಕ್ಯಾಬ್ ಪಿಜಿ ಬಾಗಿಲಿನವರೆಗೆ ಬರುತ್ತದಾ, ತಿಂಗಳಿಗೆ ಎಷ್ಟು ರಾತ್ರಿ, ಇವೆರಡನ್ನೂ ಮೇಲ್‌ನಲ್ಲೇ ಕೇಳಿ. ಬಂದ ಉತ್ತರವನ್ನು ಅವ್ವನಿಗೆ ಓದಿ ಹೇಳಿ.

ಮಾಮನ ಸಲಹೆಗೆ ಅವಸರವಿಲ್ಲ. ಬ್ಯಾಂಕ್ ಅಧಿಕಾರಿ ಹುದ್ದೆಯ ಐಬಿಪಿಎಸ್ ಪಿಒ ಪರೀಕ್ಷೆಯನ್ನು 30 ವರ್ಷದವರೆಗೆ ಬರೆಯಬಹುದು. ಪಿಜಿಯಲ್ಲಿ ಕೂತೂ ಓದಬಹುದು, ಕಷ್ಟ ನಿಜ. ಯುವನಿಧಿಯ ಮೂರು ಸಾವಿರ ಬರುತ್ತಿದ್ದರೆ ಕೆಲಸ ಸಿಕ್ಕಿದ ಕೂಡಲೇ ತಿಳಿಸಿ ನಿಲ್ಲಿಸಿಬಿಡಿ.

ಕಂಪನಿ ನಿಜವಾದದ್ದೇ ಅಂತ ತಿಳಿಯಲು ಇವತ್ತೇ ಅದರ ಹೆಸರನ್ನು ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ಸೈಟಿನಲ್ಲೂ ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಸೈಟಿನಲ್ಲೂ ಹುಡುಕಿ. ಎರಡೂ ಕಡೆ ಸಿಕ್ಕರೆ ಹೀಗೆ ಬರೆಯಿರಿ: 'ಆಫರ್‌ಗೆ ಧನ್ಯವಾದ. ಸೇರಲು ಸಿದ್ಧಳಿದ್ದೇನೆ. ಒರಿಜಿನಲ್ ಅಂಕಪಟ್ಟಿಗಳನ್ನು ಸೇರುವ ದಿನ ತೋರಿಸಿ ವಾಪಸ್ ಒಯ್ಯುತ್ತೇನೆ. ಕೆಳಗಿನ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸೋಮವಾರವೇ ಸಹಿ ಮಾಡಿ ಕಳಿಸುತ್ತೇನೆ.' ಕೆಳಗೆ ಬಾಂಡ್, ಎಲ್‌1-ಎಲ್‌2, ಕ್ಯಾಬ್. ಇಂಗ್ಲಿಷ್‌ನಲ್ಲಿ ಬರೆಯಲು ಅಳುಕಿದ್ದರೆ ಗೆಳತಿಗೆ ಒಮ್ಮೆ ತೋರಿಸಿ, ಅಷ್ಟಕ್ಕೆ ಅವಳು ಸಾಕು. ಅವರು ಏನಂದರು ಅಂತ ನನಗೂ ಒಂದು ಸಾಲು ಬರೆಯಿರಿ.