ಸಂಪಾದಕರ ಉತ್ತರ: ಬಣ್ಣದ ನೀರಿನ ಲೆಕ್ಕ ಯಾರು ಕೊಡಬೇಕು?

ನಮಸ್ಕಾರ. ದಾವಣಗೆರೆಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿರುವ ನೀವು ಬರೆದ ಪತ್ರ ತಲುಪಿತು. ಫ್ಯಾಷನ್ ಉದ್ಯಮ ಬಳಸುವ ನೀರಿನ ಮೇಲೆ ತೆರಿಗೆ ಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ತಪ್ಪು ಜನರಿಗಿರುವ ಹೊಸ ಬಟ್ಟೆಯ ಖಯಾಲಿಯದು, ತೆರಿಗೆ ಹಾಕಿದರೆ ಬಡವರ ಅಂಗಿ ತುಟ್ಟಿಯಾಗುತ್ತದೆ ಅಷ್ಟೇ ಅಂತ ನೀವು ಕೋಪ ಮಾಡಿಕೊಂಡಿದ್ದೀರಿ.

ಬಡವರ ಮಾತಿನಿಂದಲೇ ಶುರು ಮಾಡೋಣ. ಅಗ್ಗದ ಬಟ್ಟೆಯ ಬಾಕಿಯನ್ನು ಈಗಾಗಲೇ ಅವರೇ ತೀರಿಸುತ್ತಿದ್ದಾರೆ. ತಮಿಳುನಾಡಿನ ತಿರುಪ್ಪೂರು ಗೊತ್ತಲ್ಲ, ಬನಿಯನ್, ಟೀ ಶರ್ಟುಗಳ ಊರು. ಹತ್ತಿ ಬಟ್ಟೆಗೆ ಬಣ್ಣ ಹಿಡಿಯಬೇಕಾದರೆ ಬಣ್ಣದ ಜೊತೆ ರಾಶಿಗಟ್ಟಲೆ ಉಪ್ಪು ಸುರಿಯಬೇಕು. ಬಣ್ಣ ನೂಲಿಗೆ ಹತ್ತುತ್ತದೆ, ಉಪ್ಪು ನೀರಲ್ಲೇ ಉಳಿಯುತ್ತದೆ. ಆ ನೀರು ವರ್ಷಗಟ್ಟಲೆ ನೊಯ್ಯಲ್ ನದಿಗೆ ಹೋಯಿತು. ಕೆಳಗೆ ಒರತ್ತುಪಾಳ್ಯಂನಲ್ಲಿ ರೈತರ ಹೊಲಕ್ಕೆ ನೀರು ಕೊಡಲೆಂದೇ ಕಟ್ಟಿದ ಅಣೆಕಟ್ಟು ಬಣ್ಣದ ಕೊಳಚೆಯ ಗುಂಡಿಯಾಯಿತು, ಬಾವಿಗಳು ಉಪ್ಪಾದವು, ಕಡೆಗೆ ಆ ರೈತರೇ ಕೋರ್ಟು ಹತ್ತಬೇಕಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಟ್ಟೆಗೆ ಬಣ್ಣ ಹಾಕುವ ಘಟಕಗಳನ್ನು ಮುಚ್ಚಿಸಿತು. ಕೊಳಚೆಯ ಒಂದು ಹನಿಯೂ ಹೊರಗೆ ಬಿಡಬಾರದು ಅನ್ನುವುದನ್ನು ಉದ್ಯಮ ನಿಜಕ್ಕೂ ತಲೆಗೆ ಹಾಕಿಕೊಂಡಿದ್ದು ಆ ಏಟು ಬಿದ್ದ ಮೇಲೆ. ನೊಯ್ಯಲ್ ಹೋಗಿ ಸೇರುವುದು ನಮ್ಮ ಕಾವೇರಿಗೇ.

ಈಗ ತೆರಿಗೆ. ಅಂಗಿ ಮೇಲೆ ಹಾಕಿ ಅಂತ ನಾನು ಹೇಳುತ್ತಿಲ್ಲ, ಹತ್ತಿ ಬೆಳೆಯುವ ರೈತನ ಮೇಲಂತೂ ಬೇಡವೇ ಬೇಡ. ಕಾರ್ಖಾನೆ ಎತ್ತುವ ನೀರಿನ ಮೇಲೆ ಹಾಕಿ. ಒಂದು ಕಿಲೋ ಬಟ್ಟೆಗೆ ಬಣ್ಣ ಹಾಕಲು ಸುಮಾರು 100 ಲೀಟರ್ ನೀರು ಅಂತಿಟ್ಟುಕೊಳ್ಳಿ, ಅದರಲ್ಲಿ ಐದು ಟೀ ಶರ್ಟ್ ಆಗುತ್ತವೆ. ಲೀಟರಿಗೆ 10 ಪೈಸೆ ತೆರಿಗೆ ಅಂದರೂ ಒಂದು ಟೀ ಶರ್ಟಿಗೆ ಬೀಳುವುದು 2 ರೂಪಾಯಿ. ವರ್ಷಕ್ಕೆ ಎರಡು ಜೊತೆ ಬಟ್ಟೆ ತೆಗೆದುಕೊಳ್ಳುವವರಿಗೆ ಇದು ಹೊರೆಯಲ್ಲ. ಆದರೆ ದಿನಕ್ಕೆ ಒಂದು ಲಕ್ಷ ಲೀಟರ್ ಎತ್ತುವ ಘಟಕಕ್ಕೆ ದಿನಕ್ಕೆ 10,000 ರೂಪಾಯಿ ಆಗುತ್ತದೆ. ಆಗ ನೀರು ಉಳಿಸುವ ಯಂತ್ರ ತರೋದೇ ಲಾಭ ಅಂತ ಮಾಲೀಕರಿಗೆ ತಾನಾಗೇ ಹೊಳೆಯುತ್ತದೆ, ಅಲ್ವಾ?

ಇದೇನು ಹೊಸ ಮಾತಲ್ಲ. ಕಾರ್ಖಾನೆಗಳು ಬಳಸುವ ನೀರಿಗೆ ಸೆಸ್ ಹಾಕುವ ಕಾನೂನು 1977ರಿಂದಲೇ ನಮ್ಮಲ್ಲಿತ್ತು. ದರ ಮಾತ್ರ ಸಾವಿರ ಲೀಟರಿಗೆ ಕೆಲವೇ ಪೈಸೆ! ಅಷ್ಟಕ್ಕೆ ಯಾರು ತಾನೇ ನೀರು ಉಳಿಸುತ್ತಾರೆ? 2017ರಲ್ಲಿ ಜಿಎಸ್‌ಟಿ ಬಂದಾಗ ಅದನ್ನೂ ತೆಗೆದುಹಾಕಿದರು. ದರ ಏರಿಸಿ ಉಳಿಸಿಕೊಳ್ಳಬೇಕಿತ್ತು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಖಯಾಲಿಯ ಮಾತು ಒಪ್ಪುತ್ತೇನೆ. ಆದರೆ ಜನರನ್ನು ಸುಮ್ನೆ ಬೈದರೆ ಏನೂ ಆಗುವುದಿಲ್ಲ. ಕಾಲರ್ ತಿರುಗಿಸಿ ಹೊಲಿಸುವವರು, ರಫು ಮಾಡಿಸುವವರು ಈಗ ಬರುವುದೇ ಇಲ್ಲ, ಜಿಪ್ ಹೋದರೆ ಪ್ಯಾಂಟನ್ನೇ ಎಸೆಯುತ್ತಾರೆ ಅಂತ ನೀವೇ ಬರೆದಿದ್ದೀರಿ. ಹೊಸದೇ ಅಷ್ಟು ಅಗ್ಗಕ್ಕೆ ಸಿಗುವಾಗ ರಿಪೇರಿಗೆ ಯಾರು ಬರುತ್ತಾರೆ ಹೇಳಿ. ಫ್ರಾನ್ಸಿನಲ್ಲಿ ಬಟ್ಟೆ ಮಾರುಕಟ್ಟೆಗೆ ಬಿಡುವ ಕಂಪನಿಗಳಿಂದ ಶುಲ್ಕ ವಸೂಲಿ ಮಾಡುತ್ತಾರೆ. 2023ರ ಕೊನೆಯಿಂದ ಆ ದುಡ್ಡಿನಲ್ಲೇ ರಿಪೇರಿಗೆ ರಿಯಾಯಿತಿ ಕೊಡುತ್ತಿದ್ದಾರೆ. ಗಿರಾಕಿಗೆ ಬಿಲ್ ಕಡಿಮೆ, ಟೈಲರ್‌ಗೆ ಪೂರ್ತಿ ಮಜೂರಿ.

ನಮ್ಮ ನೀರಿನ ತೆರಿಗೆಯೂ ಖಜಾನೆಯಲ್ಲಿ ಕರಗಬಾರದು. ಒಂದು ಪಾಲು ಬಾವಿ ಹಾಳಾದ ಊರುಗಳಿಗೆ, ಒಂದು ಪಾಲು ನಿಮ್ಮಂಥ ಅಂಗಡಿಗಳಿಗೆ ಅಂತ ಕಾನೂನಿನಲ್ಲೇ ಬರೆಯಬೇಕು. ಹಾಗೆ ಬಂದರೆ ಜಿಪ್ಪಿಗೆಷ್ಟು, ಕಾಲರಿಗೆಷ್ಟು, ರಫುವಿಗೆಷ್ಟು ಕೊಡಬೇಕು? ಅದು ನನಗಿಂತ ನಿಮಗೆ ಜಾಸ್ತಿ ಗೊತ್ತು. ದರಪಟ್ಟಿ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

– ಸಂ.